ಹೊಟ್ಟೆಪಾಡು ಮತ್ತು ಹಟ

(ದತ್ತಿ ಉಪನ್ಯಾಸದ ಮುದ್ರಿತ ಪಾಠ)

ವಿಶಾಖಪಟ್ಟಣದ ಬಳಿಯ ದುವ್ವಾಡದಿಂದ ವಿಜಯವಾಡದ ದಿಕ್ಕಿಗೆ ಹೊರಟರೆ ಅನಕಾಪಲ್ಲಿ, ಕಶಿಂಕೋಟ, ಎಲಮಂಚಿಲಿ ದಾಟಿದ ಮೇಲೆ ನರ್ಸೀಪಟ್ಟಣಂ ರೋಡ್ ಎಂಬ ರೈಲು ನಿಲ್ದಾಣ ಸಿಗುತ್ತದೆ. ಅಲ್ಲಿಂದ ತುಸು ದೂರದಲ್ಲಿ, ವರಾಹ ನದಿಯ ದಡದಲ್ಲಿ, ಏಟಿಕೊಪ್ಪಾಕ. ಮರದ ಬೊಂಬೆಗೆ ಹೆಸರಾದ ಊರು. ಅಲ್ಲಿನ ಕುಶಲಕರ್ಮಿ ಒಣಗಿಸಿಟ್ಟ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ತಿರುಗಿಸುತ್ತಾನೆ. ಉಳಿ ತಾಗಿದಲ್ಲೆಲ್ಲ ಸಿಪ್ಪೆ ಸುರುಳಿಯಾಗಿ ಹಾರುತ್ತದೆ, ತುಂಡಿನೊಳಗಿಂದ ಒಂದು ಬುಗುರಿಯೋ ಕುಂಕುಮದ ಭರಣಿಯೋ ಎದ್ದು ಬರುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾನೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಕೊನೆಗೆ ಕೇದಗೆಯ ಗರಿಯಿಂದ ಒತ್ತಿ ಉಜ್ಜಿದರೆ ಹೊಳಪು. ಕುಂಚವಿಲ್ಲ, ಡಬ್ಬಿಯ ಪೇಂಟಿಲ್ಲ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎಂಬುದೆಲ್ಲ ಕೈಗೆ ಗೊತ್ತಿರಬೇಕು.

ಕನ್ನಡಿಗರಿಗೆ ಈ ಕೆಲಸ ಹೊಸದಲ್ಲ. ಚನ್ನಪಟ್ಟಣದಲ್ಲಿ ನಡೆಯುವುದೂ ಇದೇ. ಮರವೂ ಒಂದೇ. ತೆಲುಗರು ಅಂಕುಡು ಎಂದು ಕರೆಯುವುದನ್ನು ನಮ್ಮವರು ಹಾಲೆಮರ ಎನ್ನುತ್ತಾರೆ. ಹಾಲಿನಂಥ ಬಿಳುಪಿನ, ನಯವಾದ, ಗಂಟು ಕಡಿಮೆಯಿರುವ ಮರ. ಬಂಗಾಳ ಕೊಲ್ಲಿಯ ಬದಿಯ ಹಳ್ಳಿ ಒಂದು, ಬೆಂಗಳೂರು–ಮೈಸೂರು ರಸ್ತೆಯ ಪೇಟೆ ಇನ್ನೊಂದು. ನಡುವೆ ನೂರಾರು ಮೈಲಿ ಅಂತರವಿದ್ದರೂ ಎರಡೂ ಕಡೆಯ ಕೈಗಳು ಒಂದೇ ಪಟ್ಟು ಕಲಿತಿವೆ.

ಈ ಬೊಂಬೆ ಮಾಡುವವನನ್ನು ನಿಲ್ಲಿಸಿ, ನೀನು ದುಡ್ಡಿಗಾಗಿ ಮಾಡುತ್ತೀಯೋ ನಿನ್ನ ಮನಸ್ಸಿನ ತೃಪ್ತಿಗಾಗಿ ಮಾಡುತ್ತೀಯೋ ಎಂದು ಕೇಳಿದರೆ ಪ್ರಶ್ನೆಯೇ ಅವನಿಗೆ ವಿಚಿತ್ರವಾಗಿ ಕಾಣುತ್ತದೆ. ಬೊಂಬೆ ಮಾರಾಟವಾಗದಿದ್ದರೆ ಒಲೆ ಹೊತ್ತುವುದಿಲ್ಲ. ಹಾಗೆಂದು ಹೊಳಪು ಬಾರದ ಬೊಂಬೆಯನ್ನು ಅವನು ಬುಟ್ಟಿಗೆ ಹಾಕುವುದೂ ಇಲ್ಲ, ಮತ್ತೆ ಲೇತ್‌ಗೆ ಏರಿಸುತ್ತಾನೆ. ಸಾಹಿತ್ಯದ ಸಭೆಗಳಲ್ಲಿ, ಚಿತ್ರಕಲಾ ಶಾಲೆಗಳಲ್ಲಿ, ಪತ್ರಿಕೆಯ ಸಂದರ್ಶನಗಳಲ್ಲಿ ಮಾತ್ರ ಈ ಪ್ರಶ್ನೆ ತಿರುತಿರುಗಿ ಬರುತ್ತದೆ: ಕಲಾವಿದ ಹಣಕ್ಕಾಗಿ ಸೃಷ್ಟಿಸುತ್ತಾನೆಯೇ, ಒಳಗಿನ ಒತ್ತಡಕ್ಕಾಗಿಯೇ? ಹೀಗೆ ಎರಡಾಗಿ ಸೀಳಿದರೆ ಉತ್ತರ ಸಿಗುವುದು ಕಷ್ಟ. ಕಲಾವಿದ ಯಾಕೆ ಮಾಡುತ್ತಾನೆ ಎಂದು ಅವನ ಮನಸ್ಸನ್ನು ಬಗೆದು ನೋಡುವ ಬದಲು, ದುಡ್ಡು ಕೊಡುವವನು ಏನನ್ನು ಕೇಳಿದರೂ ಇವನು ಯಾವುದನ್ನು ಬಿಟ್ಟುಕೊಡುವುದಿಲ್ಲ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ. ಆ ಹಟ ಎಲ್ಲಿದೆಯೋ ಕಲೆ ಅಲ್ಲಿದೆ ಎಂಬುದು ಈ ಉಪನ್ಯಾಸದ ವಾದ. ದುವ್ವಾಡದಿಂದ ವಿಜಯವಾಡದವರೆಗಿನ ಈ ಸೀಮೆಯಲ್ಲೂ ಕನ್ನಡ ನಾಡಿನಲ್ಲೂ ಅದಕ್ಕೆ ಬೇಕಾದಷ್ಟು ಸಾಕ್ಷಿಗಳಿವೆ.

ಮೊದಲು ಏಟಿಕೊಪ್ಪಾಕದ್ದೇ ಒಂದು ಸಾಕ್ಷಿ. ಅಗ್ಗದ ರಾಸಾಯನಿಕ ಬಣ್ಣ ಬಂದಾಗ ಆ ಊರೂ ಅದರ ಕಡೆ ವಾಲಿತ್ತು. ಬಣ್ಣ ಗಾಢ, ಕೆಲಸ ಬೇಗ, ಖರ್ಚು ಕಡಿಮೆ. ಲೆಕ್ಕ ಹಾಕಿದರೆ ಅದೇ ಸರಿ. ಆದರೆ ಮಕ್ಕಳು ಬೊಂಬೆಯನ್ನು ಬಾಯಿಗೆ ಇಡುತ್ತಾರೆ. ಸಿ.ವಿ. ರಾಜು ಎಂಬ ಏಟಿಕೊಪ್ಪಾಕದ ಕಲಾವಿದರು ಬೇರು, ತೊಗಟೆ, ಬೀಜ, ಎಲೆಗಳಿಂದ ಬಣ್ಣ ತೆಗೆಯುವ ಹಳೆಯ ವಿದ್ಯೆಯನ್ನು ಹುಡುಕಿ, ಪ್ರಯೋಗ ಮಾಡಿ, ಅರಗಿಗೆ ಒಗ್ಗಿಸಿ, ಊರಿನ ಕುಶಲಕರ್ಮಿಗಳಿಗೆ ಕಲಿಸಿದರು. ಸಸ್ಯಜನ್ಯ ಬಣ್ಣ ಹಟಮಾರಿ. ಒಂದು ಸಲ ಬಂದ ಛಾಯೆ ಇನ್ನೊಂದು ಸಲ ಬರುತ್ತದೆಂಬ ಖಾತ್ರಿಯಿಲ್ಲ, ತಯಾರಿಗೆ ದಿನಗಟ್ಟಲೆ ಹಿಡಿಯುತ್ತದೆ. ವ್ಯಾಪಾರಿಯ ಕಣ್ಣಿಗೆ ಇದು ಹುಚ್ಚು. ಆ ಹುಚ್ಚೇ ಮುಂದೆ ಊರಿಗೆ ಮಾರುಕಟ್ಟೆ ತಂದಿತು. ವಿಷವಿಲ್ಲದ ಆಟಿಕೆ ಬೇಕೆನ್ನುವ ತಾಯ್ತಂದೆಯರು ದೇಶದ ಒಳಗೂ ಹೊರಗೂ ಇದ್ದರು. 2017ರಲ್ಲಿ ಏಟಿಕೊಪ್ಪಾಕದ ಬೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು, 2023ರಲ್ಲಿ ರಾಜು ಅವರಿಗೆ ಪದ್ಮಶ್ರೀ ಬಂತು, 2025ರ ಗಣರಾಜ್ಯೋತ್ಸವದಲ್ಲಿ ಆಂಧ್ರದ ಸ್ತಬ್ಧಚಿತ್ರವಾಗಿ ದಿಲ್ಲಿಯ ಕರ್ತವ್ಯಪಥದಲ್ಲಿ ಈ ಬೊಂಬೆಗಳೇ ಸಾಗಿದವು. ಹಟ ಹಿಡಿದವನಿಗೆ ಕೊನೆಗೆ ದುಡ್ಡು ಬಂದೇ ಬರುತ್ತದೆ ಎಂದು ಇದರಿಂದ ಹೇಳಲಾಗದು. ಹಟ ಮೊದಲು ಬಂತು, ಮಾರುಕಟ್ಟೆ ಆಮೇಲೆ ಬಂತು ಎಂಬ ಅನುಕ್ರಮ ಮಾತ್ರ ಗಮನಿಸಬೇಕಾದದ್ದು.

ಅದೇ ಊರಿನ ಹುಡುಗನೊಬ್ಬನ ಮುಂದೆ ಇಂದು ಅಚ್ಯುತಾಪುರದ ಕಾರ್ಖಾನೆಗಳಿವೆ, ದುವ್ವಾಡದ ವಿಶೇಷ ಆರ್ಥಿಕ ವಲಯವಿದೆ, ಉಕ್ಕಿನ ಕಾರ್ಖಾನೆಯ ಸುತ್ತಲಿನ ಗುತ್ತಿಗೆ ಕೆಲಸವಿದೆ. ಅಲ್ಲಿ ತಿಂಗಳಿಗೊಮ್ಮೆ ಸಂಬಳ. ಲೇತ್ ಮುಂದೆ ಕೂತರೆ ಮಾಲು ಹೋದಾಗ ದುಡ್ಡು. ಅವನು ಕಾರ್ಖಾನೆಗೆ ಹೋದರೆ ಕಲೆಯ ಮೇಲೆ ಪ್ರೀತಿ ಇಲ್ಲದವನು ಎಂದು ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಕಥೆ ತುಸು ಬೇರೆ. ಅಲ್ಲಿ ಲೇತ್ ಇಲ್ಲ, ಕೆತ್ತನೆ. ತೆಲ್ಲ ಪೊಣಿಕಿ ಎಂಬ ಹಗುರ ಮರದಲ್ಲಿ ಕೈ, ಕಾಲು, ತಲೆ ಬೇರೆ ಬೇರೆಯಾಗಿ ಕೆತ್ತಿ, ಹುಣಸೆಬೀಜದ ಅಂಟು ಮತ್ತು ಮರದ ಹೊಟ್ಟು ಕಲಸಿದ ಮೇಣದಿಂದ ಕೂಡಿಸುತ್ತಾರೆ. ಕೊಪ್ಪಳದ ಕಿನ್ನಾಳದ ಚಿತ್ರಗಾರರು ಮಾಡುವುದಕ್ಕೂ ಇದಕ್ಕೂ ಅಕ್ಕತಂಗಿಯರ ಹೋಲಿಕೆಯಿದೆ. ಅಲ್ಲಿಯೂ ಹಗುರ ಮರ, ಅಲ್ಲಿಯೂ ಹುಣಸೆಬೀಜ. ಅಂಬಾರಿ ಹೊತ್ತ ಆನೆ, ದಶಾವತಾರ, ಭತ್ತ ಕುಟ್ಟುವ ಹೆಂಗಸು, ಈಚಲು ಮರ ಏರುವ ಆಳು: ಕೊಂಡಪಲ್ಲಿಯ ಬೊಂಬೆಗಳಲ್ಲಿ ದೇವರಷ್ಟೇ ಜಾಗ ಊರಿನ ಜನಕ್ಕೂ ಇದೆ. ಸಂಕ್ರಾಂತಿಯ ಬೊಮ್ಮಲ ಕೊಲುವಿಗೆ, ಎಂದರೆ ಬೊಂಬೆ ಕೂರಿಸುವ ಹಬ್ಬಕ್ಕೆ, ಇವು ಬೇಕು. ಹಬ್ಬ ಇರುವವರೆಗೆ ಗಿರಾಕಿ ಇದ್ದಾನೆ. ಇಲ್ಲಿ ಕಷ್ಟ ಮರದ್ದು. ಕಾಡಿನಿಂದ ಪೊಣಿಕಿ ಸಿಕ್ಕದೆ ಹೋದರೆ ಒಳಗಿನ ಒತ್ತಡ ಎಷ್ಟಿದ್ದರೂ ಆನೆ ನಿಲ್ಲುವುದಿಲ್ಲ.

ರೈಲಿನ ದಾರಿಯಲ್ಲೇ, ವಿಜಯವಾಡಕ್ಕೆ ಮೊದಲು, ಏಲೂರು ಸಿಗುತ್ತದೆ. ಅದರ ಹತ್ತಿರದ ಪೆದವೇಗಿ ಒಂದು ಕಾಲದ ವೇಂಗಿ. ಕೃಷ್ಣೆ–ಗೋದಾವರಿಗಳ ನಡುವಿನ ಆ ವೇಂಗಿ ಮಂಡಲದಿಂದಲೇ ಕನ್ನಡದ ಆದಿಕವಿ ಪಂಪನ ಹಿರಿಯರು ಬಂದದ್ದು. ಪಂಪನೇ ತನ್ನ ಕಾವ್ಯದಲ್ಲಿ ವಂಶದ ಮೂಲ ಹೇಳಿಕೊಂಡಿದ್ದಾನೆ. ಅವನ ತಮ್ಮ ಜಿನವಲ್ಲಭ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಶಾಸನ ಕೆತ್ತಿಸಿದ. ಕಲೆ ಮತ್ತು ಕಾಸಿನ ಪ್ರಶ್ನೆಗೆ ಪಂಪನಿಗಿಂತ ನಿಚ್ಚಳವಾದ ಉದಾಹರಣೆ ಕನ್ನಡದಲ್ಲಿಲ್ಲ.

ಅವನು ಎರಡು ಕಾವ್ಯ ಬರೆದ. ಒಂದು ತನ್ನ ಧರ್ಮಕ್ಕಾಗಿ, ಆದಿಪುರಾಣ. ಕ್ರಿ.ಶ. 941ರಲ್ಲಿ ಮುಗಿಯಿತು. ಇನ್ನೊಂದು ತನ್ನ ಒಡೆಯನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಗಾಗಿ, ವಿಕ್ರಮಾರ್ಜುನ ವಿಜಯ. ಮೊದಲನೆಯದಕ್ಕೆ ಮೂರು ತಿಂಗಳು, ಎರಡನೆಯದಕ್ಕೆ ಆರು ತಿಂಗಳು ಹಿಡಿಯಿತೆಂದು ಅವನೇ ಲೆಕ್ಕ ಕೊಟ್ಟಿದ್ದಾನೆ. ಅರಸನ ಕಾವ್ಯಕ್ಕೆ ಧರ್ಮವುರವೆಂಬ ಅಗ್ರಹಾರ ಕೊಡುಗೆಯಾಗಿ ಬಂತು. ಎಂದರೆ ಆದಿಕವಿಯ ಒಂದು ಕಾವ್ಯ ಕರಾರಿನ ಕೆಲಸ. ಅರಸ ತನ್ನನ್ನು ಅರ್ಜುನನಾಗಿ ಕಾಣಬಯಸಿದ, ಪಂಪ ಒಪ್ಪಿಕೊಂಡ. ಒಪ್ಪಿಕೊಂಡದ್ದಕ್ಕೆ ಬೆಲೆ ತೆರಲೂಬೇಕಾಯಿತು. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ಕೊನೆಗೆ ಧರ್ಮರಾಯನನ್ನು ಬದಿಗಿಟ್ಟು ಅರ್ಜುನನಿಗೆ ಸುಭದ್ರೆಯೊಡನೆ ಪಟ್ಟ ಕಟ್ಟಿದ. ಕಥೆಯ ಕಟ್ಟನ್ನೇ ಒಡೆಯನಿಗಾಗಿ ಬಗ್ಗಿಸಿದ್ದು ಇದು. ಪಂಡಿತರು ಸಾವಿರ ಸಮರ್ಥನೆ ಕೊಟ್ಟರೂ ಆ ಭಾಗ ಓದುವಾಗ ಒಂದು ಬಿಗಿತ ಉಳಿಯುತ್ತದೆ.

ಆದರೆ ಅದೇ ಕಾವ್ಯದಲ್ಲಿ ಕರ್ಣನಿದ್ದಾನೆ. ಕಾವ್ಯದ ನಾಯಕ ಅರ್ಜುನ, ಅರ್ಜುನನೆಂದರೆ ಅನ್ನ ಕೊಟ್ಟ ಅರಿಕೇಸರಿ. ಆ ನಾಯಕನ ಬಾಣಕ್ಕೆ ಬಿದ್ದ ಹಗೆಯ ಬಗ್ಗೆ ಕವಿ ನಿಂತು, ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಿ, ನೆನೆಯುವುದಾದರೆ ಇವನನ್ನು ನೆನೆಯಿರಿ ಎಂಬ ಅರ್ಥದ ಮಾತು ಹೇಳುತ್ತಾನೆ. ತುಂಬಿದ ಸಭೆಯಲ್ಲಿ, ಅರಸನ ಎದುರೇ ಓದಬೇಕಾದ ಕಾವ್ಯ ಅದು. ಅರಿಕೇಸರಿ ಆ ಪದ್ಯ ಕೇಳುತ್ತ ಏನಂದುಕೊಂಡನೋ. ಒಡೆಯನಿಗೆ ಪಟ್ಟಾಭಿಷೇಕ ಕೊಟ್ಟ ಪಂಪ ತನ್ನ ಕಣ್ಣೀರನ್ನು ಮಾತ್ರ ಒಡೆಯನಿಗೆ ಕೊಡಲಿಲ್ಲ. ಕರ್ಣನೂ ಉಂಡ ಅನ್ನದ ಋಣಕ್ಕಾಗಿ ದುರ್ಯೋಧನನ ಕಡೆ ನಿಂತವನು. ಅನ್ನದ ಋಣ ಎಷ್ಟು ಭಾರವೆಂದು ಆಸ್ಥಾನ ಕವಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಾವಿರ ವರ್ಷದ ಮೇಲೆ ಇಂದು ಕನ್ನಡಿಗರು ವಿಕ್ರಮಾರ್ಜುನ ವಿಜಯವನ್ನು ನೆನೆಯುವುದು ಹೆಚ್ಚಾಗಿ ಆ ಕರ್ಣನಿಂದಲೇ.

ಹೀಗೆ ನೋಡಿದರೆ ಆಸ್ಥಾನಕ್ಕೆ ಹೋಗದ ಕವಿ ದೊಡ್ಡವನು, ಹೋದವನು ಸಣ್ಣವನು ಎಂಬ ನಮ್ಮ ಸುಲಭದ ಪಟ್ಟಿ ನಿಲ್ಲುವುದಿಲ್ಲ. ತೆಲುಗರಲ್ಲಿ ಈ ಜೋಡಿಯ ಹೆಸರು ಪೋತನ ಮತ್ತು ಶ್ರೀನಾಥ. ಪೋತನ ಹೊಲ ಉಳುತ್ತ ಭಾಗವತ ಬರೆದ, ಅರಸನಿಗೆ ಅರ್ಪಿಸಲು ಒಲ್ಲೆನೆಂದ ಎಂದು ಪ್ರತೀತಿ. ನಮ್ಮಲ್ಲಿ ಹರಿಹರನ ಬಗ್ಗೆಯೂ ಇಂಥದೇ ಕಥೆಯಿದೆ. ಹೊಯ್ಸಳರ ಕರಣಿಕನ ಕೆಲಸ ಬಿಟ್ಟು ಹಂಪೆಗೆ ನಡೆದ, ವಿರೂಪಾಕ್ಷನನ್ನಲ್ಲದೆ ನರರನ್ನು ಹಾಡಲಿಲ್ಲ. ಶ್ರೀನಾಥ ಇದಕ್ಕೆ ತದ್ವಿರುದ್ಧ. ಕೃಷ್ಣೆಯ ದಕ್ಷಿಣಕ್ಕಿರುವ ಕೊಂಡವೀಡಿನ ರೆಡ್ಡಿ ದೊರೆಗಳ ಆಸ್ಥಾನದಲ್ಲಿ ಮೆರೆದ, ವಿಜಯನಗರದಲ್ಲಿ ಪ್ರೌಢದೇವರಾಯನ ಮುಂದೆ ವಾದ ಗೆದ್ದು ಕನಕಾಭಿಷೇಕ ಮಾಡಿಸಿಕೊಂಡ. ಕಾಲ ತಿರುಗಿತು. ಆಶ್ರಯ ಕೊಟ್ಟ ಮನೆತನಗಳು ಮುಳುಗಿದವು. ಅವನ ಹೆಸರಿನಲ್ಲಿರುವ ಚಾಟುಪದ್ಯಗಳ ಪ್ರಕಾರ ಮುಪ್ಪಿನಲ್ಲಿ ಬೊಡ್ಡುಪಲ್ಲಿಯಲ್ಲಿ ಹೊಲ ಗುತ್ತಿಗೆ ಹಿಡಿದ, ಕೃಷ್ಣೆಯ ನೆರೆ ಬೆಳೆಯನ್ನು ಕೊಚ್ಚಿತು, ಕಂದಾಯ ಕಟ್ಟಲಾಗದೆ ಶಿಕ್ಷೆ ಅನುಭವಿಸಿದ. ಚಿನ್ನದಲ್ಲಿ ಮಿಂದವನ ಕೊನೆ ಹೀಗೆ. ಪೋತನನ ಭಾಗವತವೂ ಉಳಿದಿದೆ, ಶ್ರೀನಾಥನ ಶೃಂಗಾರ ನೈಷಧವೂ ಉಳಿದಿದೆ. ಯಾರು ಯಾರಿಂದ ಎಷ್ಟು ಪಡೆದರು ಎಂಬುದನ್ನು ಪದ್ಯದ ಒಳಗೆ ಹುಡುಕಿದರೆ ಸಿಗುವುದಿಲ್ಲ.

ವಿಶಾಖಪಟ್ಟಣ ಮತ್ತು ವಿಜಯವಾಡ ಎರಡನ್ನೂ ಜೋಡಿಸುವ ಇನ್ನೊಂದು ಪ್ರಸಂಗ ಇಪ್ಪತ್ತನೆಯ ಶತಮಾನದ್ದು. 1934ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯ ಕಾದಂಬರಿ ಸ್ಪರ್ಧೆ ಏರ್ಪಡಿಸಿತು. ಬಹುಮಾನ ಇತ್ತು, ಗಡುವು ಇತ್ತು. ಮುಂದೆ ಬಹುಕಾಲ ವಿಜಯವಾಡದ ಕಾಲೇಜಿನಲ್ಲಿ ತೆಲುಗು ಪಾಠ ಹೇಳಿದ ವಿಶ್ವನಾಥ ಸತ್ಯನಾರಾಯಣ ಅದಕ್ಕಾಗಿ 'ವೇಯಿಪಡಗಲು' ಕಾದಂಬರಿಯನ್ನು ಹೇಳುತ್ತ ಹೋದರು, ಅವರ ತಮ್ಮ ಬರೆದುಕೊಂಡರು. ಸಾವಿರ ಪುಟದ ಹತ್ತಿರದ ಆ ಬೃಹತ್ ಕೃತಿ 29 ದಿನಗಳಲ್ಲಿ ಮುಗಿಯಿತು. ಬಹುಮಾನ ಅಡಿವಿ ಬಾಪಿರಾಜು ಅವರ 'ನಾರಾಯಣರಾವು' ಕಾದಂಬರಿಯೊಡನೆ ಹಂಚಿಕೆಯಾಯಿತು. ಸ್ಪರ್ಧೆಗೆಂದು ಬರೆದ ಕೃತಿ ಎಂದು ಅದನ್ನು ಯಾರೂ ಕೀಳಾಗಿ ಕಂಡಿಲ್ಲ. ಅದನ್ನು ಹಿಂದಿಗೆ ತಂದವರು ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್. ಸ್ಪರ್ಧೆ ಇಲ್ಲದಿದ್ದರೆ ಆ ಕಾದಂಬರಿ ಆ ವರ್ಷ ಕಾಗದಕ್ಕೆ ಇಳಿಯುತ್ತಿರಲಿಲ್ಲ. ಸ್ಪರ್ಧೆಯೊಂದೇ ಇದ್ದು ಒಳಗೆ ಏನೂ ಇಲ್ಲದಿದ್ದರೆ 29 ದಿನಗಳಲ್ಲಿ ಅಷ್ಟು ಉಕ್ಕಿ ಬರುತ್ತಲೂ ಇರಲಿಲ್ಲ. ಹಣ ಅಲ್ಲಿ ಮಾಡಿದ್ದು ಇಷ್ಟೇ: ಯಾವಾಗ ಬರೆಯಬೇಕೆಂದು ಹೇಳಿತು. ಏನು ಬರೆಯಬೇಕೆಂದು ಹೇಳಲಿಲ್ಲ.

ವಿಜಯನಗರದ ಸಂಗೀತ ಕಾಲೇಜಿನ ಕಡೆಗೂ ಒಮ್ಮೆ ಹೊರಳಬೇಕು. ಇದು ತುಂಗಭದ್ರೆಯ ದಡದ ವಿಜಯನಗರವಲ್ಲ, ವಿಶಾಖಪಟ್ಟಣದ ಉತ್ತರಕ್ಕಿರುವ ವಿಜಿಯನಗರಂ. 1919ರಲ್ಲಿ ಅಲ್ಲಿನ ಮಹಾರಾಜರು ಕಾಲೇಜು ತೆರೆದರು, ಹರಿಕಥಾ ಪಿತಾಮಹರೆನಿಸಿದ ಆದಿಭಟ್ಲ ನಾರಾಯಣದಾಸರು ಮೊದಲ ಪ್ರಾಂಶುಪಾಲರಾದರು. ಬೆಂಗಳೂರಿನಲ್ಲಿ 1893ರಲ್ಲಿ ಹುಟ್ಟಿ ವಿಶಾಖಪಟ್ಟಣದ ಸೀಮೆಯಲ್ಲಿ ಬೆಳೆದ ದ್ವಾರಂ ವೆಂಕಟಸ್ವಾಮಿ ನಾಯ್ಡು ಅಲ್ಲಿ ಪಿಟೀಲು ಪ್ರಾಧ್ಯಾಪಕರಾದರು. ಆಗ ವಯಸ್ಸು 26. ಕಣ್ಣು ಮಂಜು, ಕಿವಿ ಚುರುಕು. ಅಲ್ಲಿಯವರೆಗೆ ಹಾಡುಗಾರನ ಹಿಂದೆ ಕೂರುತ್ತಿದ್ದ ಪಿಟೀಲಿಗೆ ಒಂಟಿಯಾಗಿ ಕಛೇರಿ ನಡೆಸುವ ಸ್ಥಾನ ತಂದುಕೊಟ್ಟವರಲ್ಲಿ ಅವರು ಪ್ರಮುಖರು. ಕಾಲೇಜಿನ ಸಂಬಳ ಅವರಿಗೆ ಕೊಟ್ಟದ್ದು ಸಾಧನೆಯ ಸಮಯ.

ಅದೇ ಕಾಲೇಜಿಗೆ ಕೃಷ್ಣಾ ಜಿಲ್ಲೆಯಿಂದ ಒಬ್ಬ ಬಡ ಹುಡುಗ ಬಂದ. ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ ಮಧುಕರಿ ಎತ್ತಿ ಉಂಡ. ಕನ್ನಡ ನಾಡಿನ ಹಳೆಯ ತಲೆಮಾರಿನಲ್ಲಿ ವಾರಾನ್ನದ ನೆನಪಿರುವವರಿಗೆ ಆ ಹಸಿವಿನ ಪರಿಚಯವಿರುತ್ತದೆ. ಪಟ್ರಾಯನಿ ಸೀತಾರಾಮ ಶಾಸ್ತ್ರಿಗಳು ಕಾಸು ಕೇಳದೆ ಅವನಿಗೆ ವಿದ್ಯೆ ಹೇಳಿದರು. ಆ ಹುಡುಗ ಘಂಟಸಾಲ ವೆಂಕಟೇಶ್ವರರಾವ್. ಮುಂದೆ ಅವರು ಸಿನಿಮಾಕ್ಕೆ ಹೋದರು. ಶಾಸ್ತ್ರೀಯ ಸಂಗೀತ ಕಲಿತವನು ದುಡ್ಡಿಗಾಗಿ ಸಿನಿಮಾ ಸೇರಿದ ಎಂದು ಹೇಳುವವರಿಗೆ ಅವರ ದನಿಯೇ ಉತ್ತರ. ಕನ್ನಡದ 'ಓಹಿಲೇಶ್ವರ' (1956) ನೋಡಿದವರಿಗೆ ಆ ದನಿಯ ಭಾರ ಗೊತ್ತು. ರಾಗದ ಶುದ್ಧಿಯನ್ನು ಅವರು ಮೂರು ನಿಮಿಷದ ಹಾಡಿನೊಳಗೂ ಬಿಡಲಿಲ್ಲ. ಇಂದು ವಿಜಯವಾಡದ ಸರ್ಕಾರಿ ಸಂಗೀತ ಕಾಲೇಜಿಗೆ ಅವರದೇ ಹೆಸರು.

ಕನ್ನಡದಲ್ಲಿ ಬರೆದು ಬದುಕಿದವರು ಎಷ್ಟು ಮಂದಿ? ಬಹುಪಾಲು ದೊಡ್ಡ ಲೇಖಕರಿಗೆ ಸಂಬಳ ಬಂದದ್ದು ಕಾಲೇಜಿನಿಂದ, ಕಚೇರಿಯಿಂದ. ಗಳಗನಾಥರು ಮೇಷ್ಟರ ಕೆಲಸ ಬಿಟ್ಟು, ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿ ಓದುತ್ತಿದ್ದ ಉತ್ತರ ಕರ್ನಾಟಕದ ಮನೆಗಳಿಗೆ ಕನ್ನಡ ಓದುವ ಚಟ ಹತ್ತಿದ್ದು ಆ ಗಂಟಿನಿಂದ. ಅವರಿಗೆ ಲಾಭ ಸಿಕ್ಕಿತೇ ಎಂದು ಕೇಳಿದರೆ ಇಲ್ಲ. ಮಾರಿದ್ದು ತಪ್ಪೇ ಎಂದು ಕೇಳಿದರೆ, ಮಾರದಿದ್ದರೆ ಓದುಗರೇ ಇರುತ್ತಿರಲಿಲ್ಲ.

ಅವರ ನಂತರ ಲೇಖನಿಯನ್ನೇ ನೆಚ್ಚಿ ಬಾಳಿದವರು ಅ.ನ. ಕೃಷ್ಣರಾಯರು. ನೂರಕ್ಕೂ ಹೆಚ್ಚು ಕಾದಂಬರಿ. ಅವಸರದ ಬರಹ ಎಂಬ ದೂರು ಅವರ ಜೀವಮಾನವಿಡೀ ಬೆನ್ನು ಹತ್ತಿತ್ತು, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಸಂಗೀತಗಾರನನ್ನು ಕುರಿತ 'ಸಂಧ್ಯಾರಾಗ', ಚಿತ್ರಕಾರನನ್ನು ಕುರಿತ 'ಉದಯರಾಗ', ನಟನನ್ನು ಕುರಿತ 'ನಟಸಾರ್ವಭೌಮ' ಓದಿದರೆ ಕಲಾವಿದನ ಹೊಟ್ಟೆಪಾಡು ಅವರನ್ನು ಎಷ್ಟು ಕಾಡಿತ್ತೆಂದು ತಿಳಿಯುತ್ತದೆ. ವೇಶ್ಯಾಸಮಸ್ಯೆಯ ಮೇಲೆ ಮೂರು ಕಾದಂಬರಿ ಬರೆದಾಗ ಅಶ್ಲೀಲವೆಂದು ಗದ್ದಲ ಎದ್ದಿತು. ಓದುಗರ ಕಾಸಿನಿಂದಲೇ ಬದುಕುವವನು ಓದುಗರನ್ನು ಕೆರಳಿಸುವುದು ಅಪಾಯ. ಅನಕೃ ಹಿಂದೆ ಸರಿಯಲಿಲ್ಲ, 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಈ ವಿಷಯದಲ್ಲಿ ಅತ್ಯಂತ ತೀಕ್ಷ್ಣವಾದ ಕನ್ನಡದ ಉದಾಹರಣೆ ಚಿತ್ರಕಾರ ಕೆ. ವೆಂಕಟಪ್ಪನವರದು. 1886ರಲ್ಲಿ ಮೈಸೂರಿನ ಸಾಂಪ್ರದಾಯಿಕ ಚಿತ್ರಕಾರರ ಮನೆತನದಲ್ಲಿ ಹುಟ್ಟಿದರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಶಿಷ್ಯರಾದರು. ಮರಳಿ ಬಂದು ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಉದಕಮಂಡಲದ, ಕೊಡೈಕನಾಲಿನ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಮಂಜು ಬೆಟ್ಟವನ್ನು ಬಿಟ್ಟು ಏಳುವ ಆ ಗಳಿಗೆ, ಎಲೆಯ ಮೇಲಿನ ತೇವ, ಎಲ್ಲವೂ ಅಂಗೈಯಗಲದ ಜಾಗದಲ್ಲಿ. ಮದುವೆಯಾಗಲಿಲ್ಲ. ತಮ್ಮ ಚಿತ್ರಗಳ ದೊಡ್ಡ ಭಾಗವನ್ನು ಕೊನೆಯವರೆಗೂ ತಮ್ಮ ಬಳಿಯೇ ಉಳಿಸಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯಲ್ಲಿ ಅವುಗಳ ಸಂಗ್ರಹವಿದೆ. ಕಲೆಗಾಗಿ ಕಲೆ ಎನ್ನುವವರಿಗೆ ಇವರಿಗಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಇದೇ ವೆಂಕಟಪ್ಪ ಸಂಭಾವನೆಗಾಗಿ ಮೈಸೂರು ಅರಮನೆಯ ಮೇಲೆ ದಾವೆ ಹೂಡಿದರು. ಅರಮನೆಗೆ ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ಮಾಡಿಕೊಡುತ್ತಿದ್ದರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಕೆಲಸದ ಬೆಲೆಯ ಬಗ್ಗೆ ತಕರಾರು ಎದ್ದು ನ್ಯಾಯಾಲಯದ ಮೆಟ್ಟಿಲೇರಿತು. ಅರಮನೆಯ ಎದುರು ಒಬ್ಬ ಚಿತ್ರಕಾರ, ಅದೂ ಅರಮನೆಯ ಅನ್ನ ಉಂಡ ಮನೆತನದವನು! ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಕೃತಘ್ನತೆ ಎಂದವರೂ ಇದ್ದಿರಬೇಕು. ಆದರೆ ಒಂದು ಉಬ್ಬುಶಿಲ್ಪಕ್ಕೆ ಎಷ್ಟು ಕಾಲ ಬೇಕು, ಆ ಕಾಲಕ್ಕೆ ಬೆಲೆ ಎಷ್ಟು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಕನ್ನಡ ನಾಡಿನಲ್ಲಿ ಬಹಿರಂಗವಾಗಿ, ಕಾನೂನಿನ ಭಾಷೆಯಲ್ಲಿ ಎತ್ತಿದವರು ಅವರು. ತನಗಾಗಿ ಬರೆದ ಬೆಟ್ಟಗಳನ್ನು ಬಿಟ್ಟುಕೊಡದವರು, ಬೇರೆಯವರಿಗಾಗಿ ಮಾಡಿದ ಕೆಲಸಕ್ಕೆ ಬೆಲೆ ಬಿಟ್ಟುಕೊಡಲಿಲ್ಲ. ಎರಡೂ ಒಂದೇ ಸ್ವಾಭಿಮಾನದ ಕೆಲಸ. ಇದರಲ್ಲಿ ವಿರೋಧಾಭಾಸ ಕಾಣುವವರು, ಕಲಾವಿದನ ಕೆಲಸವನ್ನು ಕೆಲಸವೆಂದೇ ಎಣಿಸದವರು.

ಅಮೆರಿಕದ ಮನಶ್ಶಾಸ್ತ್ರಜ್ಞೆ ಥೆರೆಸಾ ಅಮಾಬಿಲೆ ಮತ್ತು ಸಂಗಡಿಗರು 1990ರ ದಶಕದಲ್ಲಿ ನಡೆಸಿದ ಒಂದು ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. 23 ವೃತ್ತಿಪರ ಕಲಾವಿದರಿಂದ ತಲಾ 20 ಕೃತಿಗಳನ್ನು ತರಿಸಿದರು. ಹತ್ತು ಹೇಳಿ ಮಾಡಿಸಿಕೊಂಡವು, ಹತ್ತು ಕಲಾವಿದರು ತಾವಾಗಿ ಮಾಡಿದವು. ಯಾವುದು ಯಾವುದೆಂದು ತಿಳಿಸದೆ ಕಲಾತಜ್ಞರಿಗೆ ತೋರಿಸಿದರು. ಕೈಚಳಕದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ, ಸೃಜನಶೀಲತೆಯಲ್ಲಿ ಹೇಳಿ ಮಾಡಿಸಿದವು ಹಿಂದೆ ಬಿದ್ದವು. ಇಷ್ಟಕ್ಕೇ ನಿಂತರೆ ಹಣ ಕಲೆಯನ್ನು ಕೆಡಿಸುತ್ತದೆ ಎಂದು ಬರೆದುಬಿಡಬಹುದು. ಆದರೆ ಅವರು ಇನ್ನೊಂದು ಹೆಜ್ಜೆ ಹೋದರು. ಕೈಕಟ್ಟಿ ಹಾಕಿದಂತಾಯಿತೆಂದು ಕಲಾವಿದನಿಗೆ ಅನ್ನಿಸಿದ ಕೆಲಸಗಳಲ್ಲೇ ಕುಸಿತ ಹೆಚ್ಚು. ಕೆಲಸ ಹೇಳಿದವನು ದುಡ್ಡು ಕೊಟ್ಟು ಕಲಾವಿದನ ಕೈ ಕಟ್ಟದಿದ್ದಲ್ಲಿ ಹಾಗಾಗಲಿಲ್ಲ. ವಾಲ್ಟೇರಿನ ಕಾದಂಬರಿ ಸ್ಪರ್ಧೆ ಹೇಳಿದ್ದೂ ಇದನ್ನೇ.

ಇಷ್ಟೆಲ್ಲ ಆದರೂ ನಮ್ಮಲ್ಲಿ ಆತ್ಮತೃಪ್ತಿಯ ಮಾತನ್ನು ಯಾರು ಆಡುತ್ತಾರೆ, ಯಾವಾಗ ಆಡುತ್ತಾರೆ ಎಂಬುದನ್ನು ಗಮನಿಸಬೇಕು. ಕಾರ್ಯಕ್ರಮದ ಶಾಮಿಯಾನದವನಿಗೆ, ಮೈಕಿನವನಿಗೆ, ಅಡುಗೆಯವರಿಗೆ, ಆಮಂತ್ರಣ ಪತ್ರಿಕೆಯ ಮುದ್ರಣಕ್ಕೆ ದುಡ್ಡು ಎಣಿಸಿ ಕೊಡುತ್ತೇವೆ. ಹಾಡುವವಳ ಸರದಿ ಬಂದಾಗ, ನಿಮ್ಮ ಕಲೆಗೆ ಬೆಲೆ ಕಟ್ಟಲು ಸಾಧ್ಯವೇ ಎಂದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸುತ್ತೇವೆ. ಬೆಲೆ ಕಟ್ಟಲಾಗದು ಎನ್ನುವ ಮಾತು ಬೆಲೆ ಕೊಡದಿರುವುದಕ್ಕೆ ನೆಪವಾಗುತ್ತಿದೆ. ಇದು ನೋವಿನ ಸಂಗತಿ. ಊರೂರುಗಳಲ್ಲಿ, ಹೊರನಾಡಿನ ಕನ್ನಡ ಸಂಘಗಳಲ್ಲಿಯೂ ಇದು ನಡೆಯುತ್ತದೆ, ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಬಡ ಕಲಾವಿದರಿಗೆ ಮುಪ್ಪಿನಲ್ಲಿ ಕರ್ನಾಟಕ ಸರ್ಕಾರ ಮಾಸಾಶನ ಕೊಡುತ್ತದೆ, ಒಳ್ಳೆಯದು. ಅದಕ್ಕಿಂತ ಮೊದಲು, ಕೈಕಾಲು ಗಟ್ಟಿಯಿರುವಾಗ, ಮಾಡಿದ ಕೆಲಸಕ್ಕೆ ತಕ್ಕ ಕಾಸು ಸಿಕ್ಕರೆ ಎಷ್ಟೋ ಅರ್ಜಿಗಳು ಬರೆಯಬೇಕಾಗಿಯೇ ಬರುವುದಿಲ್ಲ. ಇಂಥ ಉಪನ್ಯಾಸಗಳಿಗೆ ದತ್ತಿ ಇಡುವವರು, ದುಡ್ಡು ಕೊಟ್ಟೂ ಕೈ ಕಟ್ಟದಿರುವ ಸೂಕ್ಷ್ಮವನ್ನು ಬಲ್ಲವರು. ತಾವು ದುಡಿದ ಒಂದು ಪಾಲನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಮಾತು ನಡೆಯಲಿ ಎನ್ನುತ್ತಾರೆ. ಯಾವ ಮಾತು ಎಂದು ಕಟ್ಟು ಹಾಕುವುದಿಲ್ಲ.

ಕರ್ನಾಟಕದ ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಕಲೆ ಮತ್ತು ಕಾಸಿನ ಸಂಬಂಧ ಮುಚ್ಚುಮರೆಯಿಲ್ಲದೆ ಕಾಣುವುದು ಯಕ್ಷಗಾನದಲ್ಲಿ. ದೀಪಾವಳಿಯ ಆಸುಪಾಸಿನಲ್ಲಿ ಮೇಳ ತಿರುಗಾಟಕ್ಕೆ ಹೊರಟು ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಗೆಜ್ಜೆ ಬಿಚ್ಚುತ್ತದೆ. ಆ ಆರು ತಿಂಗಳಿಗೆ ಕಲಾವಿದರೊಡನೆ ಕರಾರಾಗುತ್ತದೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳಲ್ಲಿ ಆಟ ಹರಕೆಯದು. ಸೇವೆ ಆಡಿಸುವವರು ದುಡ್ಡು ಕಟ್ಟುತ್ತಾರೆ, ಊರೆಲ್ಲ ಉಚಿತವಾಗಿ ನೋಡುತ್ತದೆ, ಆಟ ಸಿಗಲು ವರ್ಷಗಟ್ಟಲೆ ಕಾಯಬೇಕು. ಡೇರೆ ಮೇಳಗಳದ್ದು ಟಿಕೆಟ್ಟಿನ ಲೆಕ್ಕ. ಟಿಕೆಟ್ಟು ಹೋಗಬೇಕಾದರೆ ಹೊಸ ಪ್ರಸಂಗ ಬೇಕು, ಹೆಸರಾಂತ ಭಾಗವತ ಬೇಕು. ಕಾಳಿಂಗ ನಾವಡರು ಹಾಡುತ್ತಾರೆಂದರೆ ಡೇರೆ ತುಂಬುತ್ತಿತ್ತು. ಅವರೇ ರಚಿಸಿದ 'ನಾಗಶ್ರೀ' ಆ ಕಾಲದ ದೊಡ್ಡ ಯಶಸ್ಸು. ಸಂಪ್ರದಾಯ ಕೆಟ್ಟಿತೆಂದು ಗೊಣಗಿದವರೂ ಅವರ ಕಂಠಕ್ಕಾಗಿ ಟಿಕೆಟ್ಟು ಕೊಂಡರು. 1990ರಲ್ಲಿ, ಇನ್ನೂ ಹರೆಯದಲ್ಲೇ, ರಸ್ತೆ ಅಪಘಾತ ಅವರನ್ನು ಕಸಿದುಕೊಂಡಿತು. ಮಳೆಗಾಲದಲ್ಲಿ ಮೇಳವಿಲ್ಲ. ಆಗ ತಾಳಮದ್ದಲೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಇಲ್ಲವೇ ತೋಟದ ಕೆಲಸ.

ಆಟ ಶುರುವಾಗುವ ಮುನ್ನ ವೇಷ ಕಟ್ಟುವ ಚೌಕಿಯೊಳಗೆ ಹೋಗಿ ನೋಡಬೇಕು. ತೆಂಕುತಿಟ್ಟಿನ, ರಕ್ಕಸನಂಥ ಪಾತ್ರ ಮಾಡುವ ಬಣ್ಣದ ವೇಷಧಾರಿ ಕನ್ನಡಿ ಹಿಡಿದು ಕೂತಿರುತ್ತಾನೆ. ಅಕ್ಕಿಹಿಟ್ಟು, ಸುಣ್ಣ ಕಲಸಿದ ಮಿಶ್ರಣವನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಮುಖದ ಮೇಲೆ ಚಿಟ್ಟಿ ಇಡುತ್ತಾನೆ. ಒಂದರ ಪಕ್ಕ ಒಂದು, ಸಾಲಿನ ಪಕ್ಕ ಸಾಲು, ಒಂದು ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಳ್ಳಿನಂತೆ ಎದ್ದು ನಿಲ್ಲಬೇಕು. ಈ ಕೆಲಸಕ್ಕೆ ಎರಡು ಮೂರು ತಾಸು. ಮಾತಾಡಿದರೆ, ನಕ್ಕರೆ ಬಿರುಕು. ರಂಗಸ್ಥಳದಲ್ಲಿ ಅವನಿರುವುದು ಅದಕ್ಕಿಂತ ಕಡಿಮೆ ಹೊತ್ತು. ಚಿಟ್ಟಿಯ ಸಾಲು ಒಂದು ಕಡಿಮೆಯಾದರೆ ಹಿಂದಿನ ಸಾಲಿನ ಪ್ರೇಕ್ಷಕನಿಗೆ ತಿಳಿಯುವುದಿಲ್ಲ, ಮೇಳದ ಯಜಮಾನ ಸಂಬಳ ಮುರಿಯುವುದಿಲ್ಲ. ಆದರೂ ಆ ಸಾಲನ್ನು ಅವನು ಬಿಡುವುದಿಲ್ಲ. ಕರಾರಿನಲ್ಲಿ ಬರೆಯದ ಆ ಸಾಲಿನಲ್ಲಿಯೇ ಅವನ ಹಟವಿದೆ.

ಈಚಿನ ವರ್ಷಗಳಲ್ಲಿ ಹಲವು ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಿವೆ. ನಡುರಾತ್ರಿಯ ಹೊತ್ತಿಗೆ ಆಟ ಮುಗಿಯುತ್ತದೆ. ಕಲಾವಿದರಿಗೆ ನಿದ್ದೆ ಸಿಗುತ್ತದೆ, ಆರೋಗ್ಯ ಉಳಿಯುತ್ತದೆ, ಹಗಲು ಬೇರೆ ಕೆಲಸ ಮಾಡುವವರಿಗೂ ಅನುಕೂಲ. ಇದನ್ನು ಹಳಿಯಲು ಕಾರಣವಿಲ್ಲ. ಆದರೆ ಆಟ ಅರ್ಧಕ್ಕಿಳಿದಾಗ ಬಣ್ಣದ ವೇಷದ ಒಡ್ಡೋಲಗಕ್ಕೆ, ಎಂದರೆ ರಂಗಪ್ರವೇಶಕ್ಕೆ, ಕತ್ತರಿ ಬೀಳುತ್ತದೆ, ಚಿಟ್ಟಿ ಇಡುವ ತಾಸುಗಳು ಮಾತ್ರ ಹಿಂದಿನಷ್ಟೇ ಇರುತ್ತವೆ. ಸಂಜೆಗೇ ಆಟ ಶುರುವಾಗುವುದರಿಂದ ಅವನು ಮಧ್ಯಾಹ್ನವೇ ಚೌಕಿಗೆ ಬರಬೇಕು. ರಂಗದ ಮೇಲಿನ ಹೊತ್ತನ್ನಷ್ಟೇ ಅಳೆದರೆ ಬಣ್ಣದ ವೇಷ ಮೇಳಕ್ಕೆ ದುಬಾರಿಯಾಗಿಯೂ ವೇಷಧಾರಿಗೆ ನಷ್ಟವಾಗಿಯೂ ಕಾಣುತ್ತದೆ, ಹೊಸ ಹುಡುಗರು ಆ ಕಡೆ ತಿರುಗಿ ನೋಡುವುದು ಕಡಿಮೆಯಾಗುತ್ತದೆ. ಮುಂದಿನ ತಿರುಗಾಟದ ಕರಾರು ಬರೆಯುವಾಗ ಮೇಳದವರು ಚೌಕಿಯ ಆ ತಾಸುಗಳನ್ನೂ ದುಡಿಮೆಯೆಂದು ಹಿಡಿದು ಸಂಬಳ ಗೊತ್ತುಮಾಡಲಿ, ಸೇವೆ ಆಡಿಸುವವರು ಒಂದು ಬಣ್ಣದ ವೇಷದ ಪೂರ್ಣ ಪ್ರವೇಶಕ್ಕೆ ಬೇಕಾದ ಹೊತ್ತನ್ನು ಪ್ರಸಂಗದಲ್ಲಿ ಉಳಿಸಿ ಎಂದು ಕೇಳಿ ಪಡೆಯಲಿ.